ಮದುವೆಯಾಗದ ಸಹೋದರಿಗೆ ದೇವರ ಪ್ರೀತಿ ಸಾಕಾ?

ಯೌವನಸ್ಥರ ಕೂಟ, ಸೋಂಪುರ. ಸಹೋದರಿಯೊಬ್ಬರು ಹಂಚಿಕೊಂಡ ಸಂದೇಶದ ಬರಹ ರೂಪ.

ಧ್ಯಾನದ ಭಾಗಗಳು: ಆದಿಕಾಂಡ 2:18, ಆದಿಕಾಂಡ 29:31-35, ಯೆಶಾಯ 56:3-5, ಮಾರ್ಕ 10:28-30, ಎಫೆಸ 3:17-19

ಸೆಕೆಂಡ್ ಶಿಫ್ಟ್ ಮುಗಿಸಿ ಮಧ್ಯರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಇಲ್ಲಿಗೆ ಬಂದಿರೋರು ಸುಮಾರು ಜನ ಇದ್ದೀರ. ನಿಮ್ಮ ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ಬೆಂಗಳೂರಿನಿಂದ ತುಮಕೂರು ರೋಡಿನ ಟ್ರಾಫಿಕ್ ದಾಟಿ ಬಂದೋರೂ ಇದ್ದೀರ. ದೇವರು ನಿಮ್ಮ ದಣಿವನ್ನು ನೋಡಿದ್ದಾರೆ. ದೇವರಿಗೆ ಸ್ತೋತ್ರ.

ಹೋದ ತಿಂಗಳು ಬಾಗಿಲ ಹತ್ತಿರ ಒಂದು ಪ್ರಶ್ನೆ ಡಬ್ಬಿ ಇಟ್ಟಿದ್ದೆವು, ನೆನಪಿದೆಯಾ? ಹೆಸರು ಬರೆಯೋದು ಬೇಡ, ಪ್ರಶ್ನೆ ಮಾತ್ರ ಬರೆಯಿರಿ ಅಂದಿದ್ದೆವು. ಅದರಲ್ಲಿ ಒಂದು ಚೀಟಿ ಬಂತು. ಪಾಸ್ಟರ್ ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈಗೆ ಕೊಟ್ಟು, "ಸಿಸ್ಟರ್, ಇದಕ್ಕೆ ನೀವೇ ಉತ್ತರ ಕೊಡಬೇಕು" ಅಂದರು. ಯಾಕೆ ನನಗೇ ಕೊಟ್ಟರು ಅಂತ ನಿಮಗೆ ಗೊತ್ತು. ಈ ಸಭೆಯಲ್ಲಿ ಮೂವತ್ತೆಂಟು ವರ್ಷವಾದರೂ ಮದುವೆಯಾಗದೆ ಇರೋಳು ನಾನೇ. (ನಗು) ನಗಬಹುದು, ಪರವಾಗಿಲ್ಲ.

ಚೀಟಿಯಲ್ಲಿ ಇದ್ದದ್ದು ಇಷ್ಟು: "ಅಕ್ಕಾ, ಭಾನುವಾರ ಕೈ ಎತ್ತಿ, ಯೇಸುವೇ ನೀನೇ ಸಾಕು ಅಂತ ಹಾಡ್ತೀನಿ. ರಾತ್ರಿ ಪೀಜಿಗೆ ಬಂದು ಬಾಗಿಲು ಹಾಕ್ಕೊಂಡ್ರೆ ಸಾಕಾಗಲ್ಲ. ನನ್ನ ವಿಶ್ವಾಸದಲ್ಲಿ ಏನು ತಪ್ಪಿದೆ?"

ಈ ಚೀಟಿ ಬರೆದ ತಂಗಿ ಇಲ್ಲೇ ಎಲ್ಲೋ ಕೂತಿದ್ದಾಳೆ. ನಾನು ಹುಡುಕಲ್ಲ. ಆದರೆ ತಂಗಿ, ಇವತ್ತಿನ ಸಂದೇಶ ನಿನಗೆ. ಮಿಕ್ಕವರು ಕೇಳಿಸಿಕೊಳ್ಳಿ, ಇದು ನಿಮಗೂ ಬೇಕಾಗುತ್ತೆ.

ಸುಲಭದ ಎರಡು ಉತ್ತರ

ಇದಕ್ಕೆ ನಮ್ಮ ಸಭೆಗಳಲ್ಲಿ ಎರಡು ರೆಡಿಮೇಡ್ ಉತ್ತರ ಇದೆ. ಎರಡನ್ನೂ ನಾನು ಹದಿನೈದು ವರ್ಷ ಕೇಳಿದ್ದೀನಿ.

ಮೊದಲನೇದು: "ನಿನಗೋಸ್ಕರ ದೇವರು ಒಬ್ಬನನ್ನು ಇಟ್ಟಿದ್ದಾರಮ್ಮ, ಟೈಮ್ ಬರುತ್ತೆ." ಪ್ರೀತಿಯಿಂದ ಹೇಳ್ತಾರೆ, ನಾನು ಬೇಜಾರು ಮಾಡ್ಕೊಳಲ್ಲ. ಆದರೆ ಬೈಬಲ್ ತೆಗೆದು ಹುಡುಕಿ. ಪ್ರತಿಯೊಬ್ಬ ಹೆಣ್ಣುಮಗಳಿಗೂ ಒಬ್ಬ ಗಂಡನನ್ನು ಕೊಡ್ತೀನಿ ಅಂತ ದೇವರು ಎಲ್ಲೂ ಮಾತು ಕೊಟ್ಟಿಲ್ಲ. ದೇವರು ಕೊಡದ ಮಾತನ್ನು ದೇವರ ಹೆಸರಲ್ಲಿ ನಾವು ಕೊಟ್ಟರೆ, ನಾಳೆ ಅದು ನಡೆಯದೇ ಹೋದಾಗ ಆ ಹುಡುಗಿ ಯಾರ ಮೇಲೆ ಕೋಪ ಮಾಡ್ಕೋತಾಳೆ? ನಮ್ಮ ಮೇಲೆ ಅಲ್ಲ, ದೇವರ ಮೇಲೆ. ನಾವು ಬರೆದ ಚೆಕ್ಕಿಗೆ ದೇವರು ಬೌನ್ಸ್ ಮಾಡಿದ ಹಾಗೆ ಆಗುತ್ತೆ.

ಎರಡನೇದು: "ಪ್ರಾರ್ಥನೆ ಜಾಸ್ತಿ ಮಾಡು. ಯೇಸು ಸ್ವಾಮಿಯಲ್ಲಿ ಪೂರ್ತಿ ತೃಪ್ತಿ ಆದ್ರೆ ಈ ಒಂಟಿತನ ಎಲ್ಲಾ ಹೋಗುತ್ತೆ." ಇದು ಇನ್ನೂ ಕಷ್ಟ. ಯಾಕಂದ್ರೆ ಒಂಟಿತನದ ನೋವಿನ ಮೇಲೆ ಇನ್ನೊಂದು ನೋವು ಹೇರುತ್ತೆ: ನನಗೆ ಒಂಟಿ ಅನ್ನಿಸ್ತಿದೆ, ಹಾಗಾದ್ರೆ ನಾನು ಒಳ್ಳೇ ವಿಶ್ವಾಸಿಯೂ ಅಲ್ಲ. ಚೀಟಿ ಬರೆದ ತಂಗಿ ಕೇಳಿದ್ದೂ ಅದನ್ನೇ. "ನನ್ನ ವಿಶ್ವಾಸದಲ್ಲಿ ಏನು ತಪ್ಪಿದೆ?"

ಏದೆನ್ ತೋಟದಲ್ಲಿ ಏನು ಕಡಿಮೆ ಇತ್ತು?

ಆದಿಕಾಂಡ 2ನೇ ಅಧ್ಯಾಯ 18ನೇ ವಚನಕ್ಕೆ ಬನ್ನಿ. ಒಂದನೇ ಅಧ್ಯಾಯದಲ್ಲಿ ದೇವರು ಬೆಳಕು ಮಾಡಿದರು, ಚೆನ್ನಾಗಿತ್ತು. ಭೂಮಿ, ಗಿಡ, ಮೀನು, ಹಕ್ಕಿ, ಎಲ್ಲಾ ಚೆನ್ನಾಗಿತ್ತು. ಬೈಬಲಿನಲ್ಲಿ ಮೊಟ್ಟಮೊದಲ ಬಾರಿಗೆ "ಇದು ಚೆನ್ನಾಗಿಲ್ಲ" ಅಂತ ದೇವರು ಹೇಳೋದು ಯಾವುದರ ಬಗ್ಗೆ? ಮನುಷ್ಯ ಒಬ್ಬನೇ ಇರೋದರ ಬಗ್ಗೆ.

ಈಗ ನಿಧಾನವಾಗಿ ಯೋಚನೆ ಮಾಡಿ. ಆಗ ಪಾಪ ಇತ್ತಾ? ಇಲ್ಲ. ಪಾಪ ಬಂದದ್ದು ಮೂರನೇ ಅಧ್ಯಾಯದಲ್ಲಿ. ಆದಾಮನ ಪ್ರಾರ್ಥನಾ ಜೀವಿತ ಕಡಿಮೆ ಇತ್ತಾ? ದೇವರು ಅವನ ಪಕ್ಕದಲ್ಲೇ ಇದ್ದರು. ಅಷ್ಟೆಲ್ಲಾ ಇದ್ದರೂ ದೇವರೇ ಹೇಳ್ತಾರೆ, ಇವನು ಒಬ್ಬನೇ ಇರೋದು ಸರಿಯಲ್ಲ ಅಂತ. ಆದಾಮ ದೂರು ಹೇಳಲಿಲ್ಲ. ಉಪವಾಸ ಕೂರಲಿಲ್ಲ. ದೇವರೇ ಮೊದಲು ಗಮನಿಸಿದರು.

ಹಾಗಾದರೆ ತಂಗಿ, ರಾತ್ರಿ ಪೀಜಿಯಲ್ಲಿ ನಿನಗೆ ಆಗೋ ಆ ಸಂಕಟ ಅವಿಶ್ವಾಸ ಅಲ್ಲ. ಅದು ಪಾಪ ಬರೋಕೆ ಮುಂಚೆಯೇ ದೇವರು ನಿನ್ನೊಳಗೆ ಇಟ್ಟ ಹಸಿವು. ಹೊಟ್ಟೆ ಹಸಿದರೆ ನಾವು ಪಶ್ಚಾತ್ತಾಪ ಪಡ್ತೀವಾ? ಊಟ ಹುಡುಕ್ತೀವಿ. ಆಮೆನ್ ಹೇಳಬಹುದು.

ಆದರೆ ಇಲ್ಲೇ ಇನ್ನೊಂದು ತಪ್ಪು ನಡೆಯುತ್ತೆ. ಈ ವಚನವನ್ನು ಮದುವೆ ಮನೆಯಲ್ಲಿ ಓದ್ತೀವಿ, ಹಾಗಾಗಿ "ಒಬ್ಬನೇ ಇರೋದು" ಅಂದ್ರೆ "ಮದುವೆಯಾಗದೆ ಇರೋದು" ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ನಿಜವಾದರೆ ದೊಡ್ಡ ತೊಂದರೆ ಇದೆ. ನಮ್ಮ ಕರ್ತನು ಮದುವೆಯಾಗಲಿಲ್ಲ. ಮೂವತ್ತು ದಾಟಿದ ಗಂಡಸು, ಯೆಹೂದ್ಯರ ಮಧ್ಯದಲ್ಲಿ, ಹೆಂಡತಿ ಇಲ್ಲ, ಮಕ್ಕಳಿಲ್ಲ. ಅಪೂರ್ಣನಾಗಿದ್ದನಾ? ಪರಿಪೂರ್ಣ ಮನುಷ್ಯ ಯಾರು ಅಂತ ಕೇಳಿದರೆ ನಾವು ತೋರಿಸೋದು ಅವನನ್ನೇ. ಪೌಲನು 1 ಕೊರಿಂಥ 7ರಲ್ಲಿ ಮದುವೆಯೂ ಒಂದು ವರ, ಮದುವೆಯಾಗದೆ ಇರೋದೂ ಒಂದು ವರ ಅನ್ನೋ ಹಾಗೆ ಬರೀತಾನೆ.

ಆದರೆ ಯೇಸು ಸ್ವಾಮಿ ಮದುವೆಯಾಗದೆ ಇದ್ದರೂ ಒಬ್ಬರೇ ಇರಲಿಲ್ಲ, ಗಮನಿಸಿ. ಬೇಥಾನ್ಯದಲ್ಲಿ ಅವರಿಗೆ ಊಟ ಹಾಕೋ ಒಂದು ಮನೆ ಇತ್ತು. ಜೊತೆಗೆ ನಡೆಯೋ ಹನ್ನೆರಡು ಜನ ಇದ್ದರು, ತಮ್ಮ ಹಣದಿಂದ ಸೇವೆ ಮಾಡಿದ ಸ್ತ್ರೀಯರು ಇದ್ದರು. ಗೆತ್ಸೇಮನೆಯಲ್ಲಿ ತಂದೆಯ ಹತ್ತಿರ ಪ್ರಾರ್ಥನೆ ಮಾಡೋಕೆ ಹೋದಾಗಲೂ ಮೂವರನ್ನು ಕರೆದು, ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡರು. ದೇವಕುಮಾರನೇ ಜೊತೆ ಬೇಕು ಅಂತ ಬಾಯಿಬಿಟ್ಟು ಕೇಳಿದ ಮೇಲೆ, ನಮಗೆ ಯಾರೂ ಬೇಡ ಅನ್ನೋ ಜಂಬ ಎಲ್ಲಿಂದ ಬಂತು?

ಲೇಯಳ ಮನೆ

ಮದುವೆಯಾದರೆ ಎಲ್ಲಾ ಸರಿ ಹೋಗುತ್ತಾ? ಆದಿಕಾಂಡ 29ಕ್ಕೆ ಬನ್ನಿ. ಲೇಯಳಿಗೆ ಗಂಡ ಇದ್ದ, ಮನೆ ಇತ್ತು, ಮಕ್ಕಳಿದ್ದರು. ಪ್ರೀತಿ ಮಾತ್ರ ಇರಲಿಲ್ಲ. ಮೊದಲನೇ ಮಗು ಹುಟ್ಟಿದಾಗ ಅವಳು, ಈಗಲಾದರೂ ಗಂಡ ನನ್ನನ್ನು ಪ್ರೀತಿಸ್ತಾನೆ ಅಂದುಕೊಂಡಳು. ಎರಡನೇದು ಹುಟ್ಟಿತು. ಮೂರನೇದು ಹುಟ್ಟಿದಾಗಲೂ, ಈಗ ನನಗೆ ಅಂಟಿಕೊಳ್ತಾನೆ ಅಂದುಕೊಂಡಳು. ಒಂದೊಂದು ಮಗುವಿನ ಹೆಸರಲ್ಲೂ ಅವಳ ಕಣ್ಣೀರು ಇದೆ. ನಾಲ್ಕನೇ ಮಗು ಹುಟ್ಟಿದಾಗ ಗಂಡನ ಮಾತೇ ಎತ್ತಲಿಲ್ಲ. ಈ ಸಾರಿ ಯೆಹೋವನನ್ನು ಸ್ತುತಿಸ್ತೀನಿ ಅಂದು, ಯೆಹೂದ ಅಂತ ಹೆಸರಿಟ್ಟಳು. ನಮ್ಮ ರಕ್ಷಕನು ಹುಟ್ಟಿದ್ದು ಆ ಯೆಹೂದನ ಗೋತ್ರದಲ್ಲಿ.

ಮದುವೆಯಾದ ಅಕ್ಕಂದಿರೇ, ನೀವು ಬಾಯಿಬಿಟ್ಟು ಹೇಳಲ್ಲ, ಆದರೆ ಪ್ರಾರ್ಥನೆಯಲ್ಲಿ ನಿಮ್ಮ ಪಕ್ಕ ಮೊಣಕಾಲೂರಿದಾಗ ನನಗೆ ಕೇಳಿಸಿದೆ. ಒಂದೇ ಮಂಚದಲ್ಲಿ ಇಬ್ಬರು ಮಲಗಿದ್ದರೂ ಒಂಟಿಯಾಗಿರಬಹುದು.

ಅಂದರೆ ನಮ್ಮೊಳಗೆ ಇರೋದು ಒಂದು ಹಸಿವಲ್ಲ, ಎರಡು. ಇವತ್ತು ಮನೆಗೆ ಹೋಗುವಾಗ ಇದೊಂದನ್ನು ನೆನಪಿಟ್ಟುಕೊಳ್ಳಿ. ಮೊದಲನೇ ಹಸಿವು: ನಾನು ಯಾರು? ನನಗೆ ಬೆಲೆ ಇದೆಯಾ? ಎರಡನೇ ಹಸಿವು: ನಾನು ಯಾರ ಜೊತೆ ಊಟ ಮಾಡ್ಲಿ? ನನ್ನ ದಿನ ಹೇಗಿತ್ತು ಅಂತ ಯಾರಿಗೆ ಹೇಳ್ಲಿ? ಮೊದಲನೇದನ್ನು ದೇವರು ಮಾತ್ರ ತುಂಬಬಲ್ಲರು. ಎರಡನೇದನ್ನೂ ದೇವರೇ ತುಂಬ್ತಾರೆ, ಆದರೆ ಜನರ ಕೈಯಿಂದ. ಲೇಯ ಮೊದಲನೇ ಹಸಿವನ್ನು ಗಂಡನ ಮುಂದೆ ಇಟ್ಟಳು. ನಾವು ಕೆಲವರು ಎರಡನೇ ಹಸಿವನ್ನು ರೂಮಿನ ಬಾಗಿಲು ಹಾಕ್ಕೊಂಡು ಒಬ್ಬರೇ ತೀರಿಸ್ಕೊಳ್ಳೋಕೆ ನೋಡ್ತೀವಿ. ಎರಡೂ ತಪ್ಪು.

ಫಾರ್ಮಿನ ಖಾಲಿ ಜಾಗ

ಮೊದಲನೇ ಹಸಿವಿನ ಬಗ್ಗೆ ನನ್ನ ಸಾಕ್ಷಿ ಹೇಳ್ತೀನಿ. ನನಗೆ ಇಪ್ಪತ್ತೊಂಬತ್ತು ವರ್ಷ ಇದ್ದಾಗ ಒಂದು ಸಂಬಂಧ ಗೊತ್ತಾಗಿತ್ತು. ವಿಶ್ವಾಸಿ ಕುಟುಂಬವೇ. ಸೀರೆ ತಂದಾಗಿತ್ತು. ಆಮೇಲೆ ಅವರ ಕಡೆಯಿಂದ ಒಂದು ಮಾತು ಬಂತು, "ವರದಕ್ಷಿಣೆ ಅಲ್ಲ, ಹುಡುಗನಿಗೆ ಓಡಾಡೋಕೆ ಒಂದು ಕಾರು" ಅಂತ. ಅಪ್ಪ ಜಮೀನು ಮಾರೋಕೆ ಹೊರಟರು. ನಾನು ಬೇಡ ಅಂದೆ. ಸಂಬಂಧ ಮುರಿದುಹೋಯ್ತು. ಎರಡು ವರ್ಷದಲ್ಲಿ ಅಪ್ಪನೂ ತೀರಿಕೊಂಡರು. "ಅವಳ ಹಟದಿಂದಲೇ ಆ ಮನುಷ್ಯ ಕೊರಗಿ ಹೋದ" ಅಂತ ನೆಂಟರು ಅಂದದ್ದು ಕಿವಿಗೆ ಬಿತ್ತು.

ಆಮೇಲೆ ನಾನು ದೇವರ ಜೊತೆ ವ್ಯಾಪಾರಕ್ಕೆ ಇಳಿದೆ. ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆ, ಒಂದಲ್ಲ, ಮೂರು ಸಲ. ಯಾರೋ ಹೇಳಿದ್ದರು, "ನಿನಗೆ ದೇವರೇ ಸಾಕು ಅನ್ನೋ ಮಟ್ಟಕ್ಕೆ ಬಂದ ದಿನ ದೇವರು ಗಂಡನನ್ನು ಕೊಡ್ತಾರೆ" ಅಂತ. ಹಾಗಾಗಿ ನಾನು ದೇವರಿಗೆ ದಿನಾ ಹೇಳ್ತಿದ್ದೆ, ಕರ್ತನೇ ನೀನೇ ಸಾಕು, ನೀನೇ ಸಾಕು. ಹೇಳ್ತಾ ಒಂದು ಕಣ್ಣು ಬಾಗಿಲ ಕಡೆಗೇ ಇತ್ತು. (ನಗು)

ಇಲ್ಲಿಂದ ನೋಡಿದರೆ ಶಿವಗಂಗೆ ಬೆಟ್ಟ ಕಾಣುತ್ತೆ. ಅಲ್ಲಿ ಒಳಕಲ್ಲು ತೀರ್ಥ ಅಂತ ಇದೆ. ಬಂಡೆಯಲ್ಲಿ ಒಂದು ಕುಳಿ, ಜನ ಕೈ ಒಳಗೆ ಹಾಕಿ ನೀರು ಸಿಗುತ್ತಾ ನೋಡ್ತಾರೆ, ಸಿಕ್ಕಿದರೆ ಅದೃಷ್ಟ ಅಂತ ನಂಬಿಕೆ. ನನ್ನ ಜೊತೆ ಕೆಲಸ ಮಾಡೋರು ಹೋಗಿಬಂದು ಹೇಳ್ತಾರೆ. ನಾನು ಅವರ ನಂಬಿಕೆಯನ್ನು ಹಂಗಿಸೋಕೆ ಹೇಳ್ತಿಲ್ಲ, ನನ್ನನ್ನೇ ಹಂಗಿಸ್ಕೊಳ್ತಿದ್ದೀನಿ. ಮೂರು ಸಲ ಉಪವಾಸ ಮಾಡಿದ ನಾನು ಮಾಡ್ತಿದ್ದದ್ದೂ ಅದನ್ನೇ. ದೇವರ ಕಡೆ ಕೈ ಚಾಚಿ, ಸಿಕ್ತಾ, ಸಿಗಲಿಲ್ವಾ ಅಂತ ನೋಡ್ತಿದ್ದೆ. ದೇವರ ಮುಖ ನೋಡಿರಲಿಲ್ಲ.

ಅಪ್ಪ ಹೋದ ಮೇಲೆ ಬಾಡಿಗೆ ಮನೆ ಹುಡುಕುವಾಗ ಒಂದು ಫಾರ್ಮ್ ಕೊಟ್ಟರು. ನಿಮಗೂ ಗೊತ್ತು, ನಮ್ಮ ಫಾರ್ಮುಗಳಲ್ಲಿ ಹೆಂಗಸರಿಗೆ ಒಂದು ಸಾಲು ಇರುತ್ತೆ: ತಂದೆ ಅಥವಾ ಗಂಡನ ಹೆಸರು. ಅಪ್ಪನ ಹೆಸರು ಬರೆದೆ. "ಅವರು ಎಲ್ಲಿದ್ದಾರೆ?" ತೀರಿಕೊಂಡಿದ್ದಾರೆ. "ಹಾಗಾದ್ರೆ ಗಂಡನ ಹೆಸರು ಬರೀರಿ." ಇಲ್ಲ ಅಂದೆ. ಆ ಮನುಷ್ಯ ಪೆನ್ ಕೆಳಗಿಟ್ಟು, "ಹಾಗಾದ್ರೆ ನೀವು ಯಾರ ಕಡೆಯೋರು?" ಅಂದ. ಕೆಟ್ಟ ಮನಸ್ಸಿಂದ ಕೇಳಲಿಲ್ಲ. ಆದರೆ ನಾನು ರೋಡಿಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು ಅತ್ತೆ. ಯಾರ ಕಡೆಯೋಳು ನಾನು?

ಅವತ್ತು ರಾತ್ರಿ ಯೆಶಾಯ 56 ಓದಿದೆ. ಅಲ್ಲಿ ಒಬ್ಬ ನಪುಂಸಕ ಇದ್ದಾನೆ. ಮದುವೆ ಸಾಧ್ಯವಿಲ್ಲ, ಮಕ್ಕಳು ಸಾಧ್ಯವಿಲ್ಲ, ವಂಶ ಮುಂದುವರಿಯಲ್ಲ. ನಾನು ಒಣಗಿ ಹೋದ ಮರ ಅಂತ ಅವನು ತನ್ನ ಬಗ್ಗೆ ತಾನೇ ಹೇಳ್ಕೊಳ್ತಾನೆ. ದೇವರು ಅವನಿಗೆ ಏನು ಕೊಡ್ತಾರೆ? ಹೆಂಡತಿಯನ್ನಲ್ಲ, ಮಗನನ್ನಲ್ಲ. ತನ್ನ ಆಲಯದಲ್ಲಿ, ತನ್ನ ಗೋಡೆಗಳ ಒಳಗೆ ಒಂದು ಹೆಸರು ಕೊಡ್ತಾರೆ. ಗಂಡುಮಕ್ಕಳು ಹೆಣ್ಣುಮಕ್ಕಳು ಇದ್ದಿದ್ದರೆ ಬರ್ತಿದ್ದ ಹೆಸರಿಗಿಂತ ಒಳ್ಳೇ ಹೆಸರು, ಯಾವತ್ತೂ ಅಳಿಸಿಹೋಗದ ಹೆಸರು.

ನನಗೆ ಆವತ್ತು ಗೊತ್ತಾಯ್ತು. ಆ ಖಾಲಿ ಸಾಲಿನಲ್ಲಿ ಒಂದು ಹೆಸರು ಈಗಾಗಲೇ ಇದೆ. ಯಾರ ಕಡೆಯೋಳು ಅಂದರೆ, ನಾನು ಕ್ರಿಸ್ತನ ಕಡೆಯೋಳು. ಒಬ್ಬ ಗಂಡಸು ಆರಿಸಿದ್ರೆ ನನಗೆ ಬೆಲೆ, ಆರಿಸದಿದ್ರೆ ಇಲ್ಲ ಅನ್ನೋ ಲೆಕ್ಕ ಕ್ರೂಜೆಯಲ್ಲಿ ಮುಗಿದಿದೆ. ಹಲ್ಲೆಲೂಯಾ! ಅವತ್ತು ಮೊದಲನೇ ಸಲ ನಾನು ಏನೂ ಕೇಳದೆ ಪ್ರಾರ್ಥನೆ ಮಾಡಿದೆ.

ನಮ್ಮ ಪೆಂತೆಕೊಸ್ತ ಚರಿತ್ರೆಯಲ್ಲೇ ಇದ್ದಾರೆ

ಮದುವೆ ಮಾರ್ಕೆಟ್ಟು ಬೇಡ ಅಂದ ಹೆಣ್ಣುಮಕ್ಕಳನ್ನು ದೇವರು ಏನು ಮಾಡಿದರು ಅಂತ ನೋಡಬೇಕಾದ್ರೆ ನಮ್ಮದೇ ಚರಿತ್ರೆ ಓದಿ. ಪೆಂತೆಕೊಸ್ತ ಅಂದ ಕೂಡಲೇ ನಾವು 1906ರ ಲಾಸ್ ಏಂಜಲೀಸ್, ಅಜುಸಾ ಬೀದಿ ಅಂತೀವಿ. ಅದಕ್ಕೂ ಒಂದು ವರ್ಷ ಮುಂಚೆ, 1905ರ ಜೂನ್ ತಿಂಗಳಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ ಪವಿತ್ರಾತ್ಮನ ಉಜ್ಜೀವನ ಇಳಿದುಬಂತು. ಅಲ್ಲಿ ಇದ್ದೋರು ಯಾರು? ವಿಧವೆಯರು, ಅನಾಥ ಹುಡುಗಿಯರು, ಬರಗಾಲದಲ್ಲಿ ಬದುಕುಳಿದೋರು, ಮನೆಯೋರು ಕೈಬಿಟ್ಟೋರು.

ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡರು. 1880ರಲ್ಲಿ ಮದುವೆ, 1882ರಲ್ಲಿ ಗಂಡ ಕಾಲರಾದಿಂದ ಹೋದರು. ಮಗಳು ಮನೋರಮಾಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆ ಕಾಲದಲ್ಲಿ ವಿಧವೆ ಅಂದ್ರೆ ಏನು ಅಂತ ನಿಮ್ಮ ಅಜ್ಜಿಯರನ್ನು ಕೇಳಿ. ಅಂಥಾ ಹೆಂಗಸು ಯೇಸುವನ್ನು ಕಂಡುಕೊಂಡು, ಸಾವಿರಕ್ಕೂ ಹೆಚ್ಚು ಜನರಿಗೆ ತಾಯಿಯಾದರು. ಬೈಬಲನ್ನು ಮೂಲ ಭಾಷೆಗಳಿಂದ ಮರಾಠಿಗೆ ತಂದರು.

ಮಗಳು ಮನೋರಮಾಬಾಯಿ ಮದುವೆಯಾಗಲೇ ಇಲ್ಲ. ತಾಯಿಯ ಸೇವೆಗೆ ಬಲಗೈಯಾಗಿದ್ದರು. ನಮ್ಮ ಗುಲ್ಬರ್ಗಾದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಶಾಲೆ ಶುರುವಾಗೋಕೆ ದುಡಿದರು. ಮುಕ್ತಿಯಲ್ಲಿದ್ದ ಮಿನ್ನೀ ಏಬ್ರಮ್ಸ್ ಕೂಡ ಮದುವೆಯಾಗದ ಮಿಷನರಿ. ಆ ಉಜ್ಜೀವನದ ಬಗ್ಗೆ ಅವರು 1906ರಲ್ಲಿ ಒಂದು ಪುಸ್ತಕ ಬರೆದು, ಚಿಲಿ ದೇಶದಲ್ಲಿದ್ದ ತಮ್ಮ ಹಳೇ ಗೆಳತಿಗೆ ಕಳಿಸಿದರು. ಅದನ್ನು ಓದಿ ಅಲ್ಲಿನವರು ಪ್ರಾರ್ಥನೆಗೆ ಕೂತರು. 1909ರಲ್ಲಿ ಚಿಲಿಯಲ್ಲಿ ಪೆಂತೆಕೊಸ್ತ ಉಜ್ಜೀವನ ಎದ್ದಿತು. ಒಬ್ಬ ಅವಿವಾಹಿತ ಹೆಂಗಸು ತನ್ನ ಸ್ನೇಹಿತೆಗೆ ಕಳಿಸಿದ ಒಂದು ಪುಸ್ತಕ! ಸ್ನೇಹ ಚಿಕ್ಕ ವಿಷಯ ಅಂತ ಅನ್ಕೋಬೇಡಿ.

ಆದರೆ ಇವರ ಜೀವನ ಬರೀ ಜಯಘೋಷ ಅಂತಲೂ ಅನ್ಕೋಬೇಡಿ. ಮನೋರಮಾ 1921ರಲ್ಲಿ ನಲವತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ತಾಯಿಯೂ ಹೋದರು. ಮಗಳನ್ನು ಮಣ್ಣುಮಾಡಿದ ಮೇಲೂ ರಮಾಬಾಯಿ ಆ ಬೈಬಲ್ ಕೆಲಸವನ್ನು ಬಿಡಲಿಲ್ಲ. ತುಂಬಿದ ಜೀವನ ಅಂದ್ರೆ ನೋವಿಲ್ಲದ ಜೀವನ ಅಲ್ಲ.

ಇನ್ನೊಬ್ಬರು ಏಮಿ ಕಾರ್ಮೈಕಲ್. 1895ರಲ್ಲಿ ಭಾರತಕ್ಕೆ ಬಂದಾಗ ಅವರು ಮೊದಲು ಸೇವೆಗೆ ಬಂದದ್ದು ನಮ್ಮ ಬೆಂಗಳೂರಿಗೆ. ಆಮೇಲೆ ತಮಿಳುನಾಡಿನ ದೋಣಾವೂರಿನಲ್ಲಿ ನೂರಾರು ಮಕ್ಕಳನ್ನು ಸಾಕಿದರು. 1951ರಲ್ಲಿ ತೀರಿಕೊಳ್ಳುವ ತನಕ ಊರಿಗೆ ವಾಪಸ್ ಹೋಗಲೇ ಇಲ್ಲ. ಅವರು ಭಾರತಕ್ಕೆ ಬರೋ ಮುಂಚೆ, ಜಪಾನಿನಲ್ಲಿದ್ದಾಗ, ಒಂದು ಗುಹೆಗೆ ಹೋಗಿ ದೇವರ ಮುಂದೆ ಅತ್ತಿದ್ದರಂತೆ: ಮುಂದಿನ ವರ್ಷಗಳಲ್ಲಿ ನಾನು ಒಂಟಿಯಾಗಿಬಿಟ್ಟರೆ ಹೇಗೆ ತಡೆದುಕೊಳ್ಳಲಿ? ಆಗ ಅವರಿಗೆ ಸಿಕ್ಕ ವಾಕ್ಯ 34ನೇ ಕೀರ್ತನೆಯ ಕೊನೆಯ ವಚನ. ದೇವರು ಕೊಟ್ಟ ಮಾತು "ನಿನಗೆ ಮದುವೆ ಆಗುತ್ತೆ" ಅಂತಲ್ಲ. ನನ್ನನ್ನು ನಂಬಿದವಳನ್ನು ದಿಕ್ಕಿಲ್ಲದವಳಾಗಿ ಬಿಡೋದಿಲ್ಲ ಅನ್ನೋ ಅರ್ಥದ ಮಾತು. ದೇವರು ಅದನ್ನು ಹೇಗೆ ನೆರವೇರಿಸಿದರು? ಮಕ್ಕಳಿಂದ, ಜೊತೆ ಕೆಲಸದವರಿಂದ. 1916ರಲ್ಲಿ ಏಮಿ ಮದುವೆಯಾಗದ ಸಹೋದರಿಯರ ಒಂದು ಗುಂಪನ್ನೇ ಕಟ್ಟಿದರು, ಒಟ್ಟಿಗೆ ಬದುಕೋಕೆ, ಒಟ್ಟಿಗೆ ದುಡಿಯೋಕೆ. ಗುಹೆಯಲ್ಲಿ ಕೊಟ್ಟ ಮಾತನ್ನು ದೇವರು ಗುಹೆಯಲ್ಲಿ ನೆರವೇರಿಸಲಿಲ್ಲ. ಮನೆಯಲ್ಲಿ ನೆರವೇರಿಸಿದರು.

ಸ್ಟೀಲ್ ಡಬ್ಬಿಯಲ್ಲಿ ಬಂದ ದೇವರ ಪ್ರೀತಿ

ಈಗ ಎರಡನೇ ಹಸಿವಿಗೆ ಬರೋಣ. ನನಗೆ ಮೂವತ್ಮೂರು ವರ್ಷ ಇದ್ದಾಗ ಡೆಂಗಿ ಬಂತು. ಇಲ್ಲೇ ಕಾರ್ಖಾನೆ ಹತ್ತಿರ ಒಂದು ರೂಮಿನಲ್ಲಿ ಒಬ್ಬಳೇ ಇದ್ದೆ. ಅಮ್ಮ ಊರಲ್ಲಿ. ಮೂರನೇ ದಿನ ಎದ್ದು ನೀರು ಕುಡಿಯೋಕೂ ಆಗಲಿಲ್ಲ. ಫೋನ್ ತೆಗೆದು ನಂಬರು ನೋಡ್ತಾ ಹೋದೆ. ನಾನೂರು ನಂಬರ್ ಇದ್ದವು. ಈ ರಾತ್ರಿ ಹನ್ನೊಂದು ಗಂಟೆಗೆ ಯಾರಿಗೆ ಮಾಡ್ಲಿ? ಎಲ್ಲರಿಗೂ ಸಂಸಾರ ಇದೆ, ಮಕ್ಕಳಿಗೆ ನಾಳೆ ಸ್ಕೂಲಿದೆ. ಫೋನ್ ಕೆಳಗಿಟ್ಟು, "ಕರ್ತನೇ ನೀನೇ ಸಾಕು" ಅಂತ ಗೋಡೆ ಕಡೆ ತಿರುಗಿ ಮಲಗಿದೆ. ಅವತ್ತು ಅದು ವಿಶ್ವಾಸ ಅಂತ ಅನ್ಕೊಂಡೆ. ಈಗ ಅನ್ನಿಸುತ್ತೆ, ಅದು ಸ್ವಲ್ಪ ಸ್ವಾಭಿಮಾನ, ಜಾಸ್ತಿ ಭಯ.

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ನಮ್ಮ ಸಭೆಯ ಒಬ್ಬ ಅಜ್ಜಿ, ವಿಧವೆ, ಸೊಪ್ಪು ಮಾರಿ ಜೀವನ ಮಾಡ್ತಿದ್ದರು. ಎರಡು ದಿನದ ಪ್ರಾರ್ಥನೆಗೆ ಬಂದಿಲ್ಲ ಅಂತ ಹುಡುಕಿಕೊಂಡು ಬಂದಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ರಾಗಿ ಗಂಜಿ. ನನ್ನನ್ನು ನೋಡಿ ಮೊದಲು ಬೈದರು. "ಯಾಕವ್ವಾ, ನಾನು ಸತ್ತೋಗಿದ್ದೀನಾ? ಒಂದು ಫೋನ್ ಮಾಡೋಕಾಗಲ್ವಾ?" ಆಮೇಲೆ ಆಟೋ ಕರೆಸಿ ಆಸ್ಪತ್ರೆಗೆ ಸೇರಿಸಿದರು. ಆರು ದಿನ ನನ್ನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದರು. ಸೊಪ್ಪಿನ ವ್ಯಾಪಾರ ಆರು ದಿನ ನಿಂತುಹೋಯ್ತು.

ಆ ಅಜ್ಜಿ ಈಗ ಕರ್ತನ ಬಳಿ ಇದ್ದಾರೆ. ಅವರಿಗೆ ಓದು ಬರ್ತಿರಲಿಲ್ಲ. ಆದರೆ ಎಫೆಸ 3ನೇ ಅಧ್ಯಾಯವನ್ನು ನನಗೆ ಕಲಿಸಿದ್ದು ಅವರೇ. ಅಲ್ಲಿ ಪೌಲನು ಕ್ರಿಸ್ತನ ಪ್ರೀತಿಯ ಅಗಲ, ಉದ್ದ, ಎತ್ತರ, ಆಳ ನಿಮಗೆ ತಿಳಿಯಲಿ ಅಂತ ಪ್ರಾರ್ಥಿಸ್ತಾನೆ, ನೀವು ದೇವರ ಪೂರ್ಣತೆಯಿಂದ ತುಂಬಿದವರಾಗಲಿ ಅಂತಾನೆ. ತುಂಬುವಿಕೆ ಬೇಕಾದ್ರೆ ಇದೇ ವಾಕ್ಯ. ಆದರೆ ಮಧ್ಯದಲ್ಲಿ ಒಂದು ಮಾತಿದೆ, ಅದನ್ನು ನಾನು ವರ್ಷಗಟ್ಟಲೆ ಹಾರಿಸಿ ಓದಿದ್ದೆ. ಇದನ್ನು ಗ್ರಹಿಸೋದು ಒಬ್ಬೊಬ್ಬರಾಗಿ ಅಲ್ಲ, ದೇವಜನರೆಲ್ಲರ ಜೊತೆಯಲ್ಲಿ. ಕ್ರಿಸ್ತನ ಪ್ರೀತಿ ಅಷ್ಟು ದೊಡ್ಡದು, ಒಬ್ಬಳ ರೂಮಿನಲ್ಲಿ ಹಿಡಿಸಲ್ಲ!

ಮಾರ್ಕ 10ರಲ್ಲಿ ಪೇತ್ರನು, ನಾವು ಎಲ್ಲಾ ಬಿಟ್ಟು ಬಂದಿದ್ದೀವಿ ಅಂದಾಗ ಯೇಸು ಸ್ವಾಮಿ ಏನು ಹೇಳಿದರು? ಪರಲೋಕಕ್ಕೆ ಹೋದ ಮೇಲೆ ನೋಡೋಣ ಅಂದರಾ? ಇಲ್ಲ. ಈ ಕಾಲದಲ್ಲೇ ನೂರರಷ್ಟು ಸಿಗುತ್ತೆ ಅಂದರು. ಏನು? ಮನೆಗಳು, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಮಕ್ಕಳು, ಹೊಲಗದ್ದೆ. ಜೊತೆಗೆ ಹಿಂಸೆಯೂ ಅಂತ ಪ್ರಾಮಾಣಿಕವಾಗಿ ಸೇರಿಸಿದರು. ಈ ನೂರು ಮನೆ, ನೂರು ತಾಯಂದಿರು ಆಕಾಶದಿಂದ ಬೀಳ್ತಾರಾ? ಸಭೆಯವರೇ, ಆ ಮನೆ ನಿಮ್ಮ ಮನೆ. ಕರ್ತನು ಕೊಟ್ಟ ಮಾತು ನೆರವೇರಬೇಕಾದ್ರೆ ನಿಮ್ಮ ಬಾಗಿಲು ತೆಗೀಬೇಕು.

ಹೇಳಲೇಬೇಕಾದ ಕೆಲವು ಮಾತು

ಸಂಸಾರಸ್ಥರೇ, ಕ್ರಿಸ್‌ಮಸ್ ದಿನ ಆರಾಧನೆ ಮುಗಿದ ಮೇಲೆ ಪೀಜಿ ಹುಡುಗಿಯರು ಎಲ್ಲಿ ಊಟ ಮಾಡ್ತಾರೆ ಅಂತ ಯಾವತ್ತಾದರೂ ಕೇಳಿದ್ದೀರಾ? ಮದುವೆ ಮನೆಯಲ್ಲಿ "ನೆಕ್ಸ್ಟ್ ನಿಂದೇ" ಅನ್ನೋ ಬದಲು, "ಬುಧವಾರ ರಾತ್ರಿ ಮನೆಗೆ ಬಾ, ಮುದ್ದೆ ಮಾಡ್ತೀನಿ" ಅನ್ನಿ. ಬಯೋಡಾಟ ಫಾರ್ವರ್ಡ್ ಮಾಡೋದು ಸುಲಭ, ತಟ್ಟೆ ಹಾಕೋದು ಕಷ್ಟ. ಮದುವೆಯಾಗಿಲ್ಲ, ಫ್ರೀ ಇದ್ದಾಳೆ ಅಂತ ಸಭೆಯ ಎಲ್ಲಾ ಕೆಲಸ ಅವಳ ತಲೆಗೆ ಕಟ್ಟಬೇಡಿ. ಅವಳಿಗೂ ದಣಿವಾಗುತ್ತೆ.

ತಮ್ಮಂದಿರೇ, ನಿಮಗೂ ಒಂದು ಮಾತು. ವಿಶ್ವಾಸಿ ಹುಡುಗಿ ಬೇಕು ಅಂತೀರ, ಆಮೇಲೆ ಬಣ್ಣ, ಜಾತಿ, ಚಿನ್ನ, ಕಾರು ಅಂತ ಲಿಸ್ಟ್ ತೆಗೀತೀರ. ನಮ್ಮ ಸಭೆಗಳಲ್ಲಿ ಎಷ್ಟೋ ಸಹೋದರಿಯರು ಒಂಟಿಯಾಗಿರೋದು ದೇವರ ಕರೆಯಿಂದಲ್ಲ, ನಮ್ಮ ದುರಾಸೆಯಿಂದ. ಅದಕ್ಕೆ ದೇವರ ಚಿತ್ತ ಅಂತ ಹೆಸರಿಡಬೇಡಿ.

ತಂಗಿಯರೇ, ಮದುವೆ ಬೇಕು ಅನ್ನೋ ಆಸೆ ಪಾಪ ಅಲ್ಲ. ಕೇಳಿ, ಧೈರ್ಯವಾಗಿ ಕೇಳಿ. ಒಳ್ಳೇ ಸಂಬಂಧ ಬಂದರೆ ಮದುವೆಯಾಗಿ, ನಾನೇ ಮುಂದೆ ನಿಂತು ಕುಣೀತೀನಿ. ಆದರೆ ಭಯದಿಂದ ಮದುವೆಯಾಗಬೇಡಿ. ಜನರ ಬಾಯಿ ಮುಚ್ಚಿಸೋಕೆ ಒಬ್ಬ ಅವಿಶ್ವಾಸಿಗೋ, ಕೈ ಎತ್ತುವ ಮನುಷ್ಯನಿಗೋ ಕುತ್ತಿಗೆ ಕೊಡಬೇಡಿ. ಮತ್ತೆ, ಇವತ್ತು ಮನೆಗೆ ಹೋಗೋ ಮುಂಚೆ ಇಬ್ಬರ ಹತ್ತಿರ ಹೋಗಿ, "ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಮಾಡಬಹುದಾ?" ಅಂತ ಕೇಳಿ. ನಾಚಿಕೆಯಾಗುತ್ತೆ, ಗೊತ್ತು. ಗೆತ್ಸೇಮನೆಯನ್ನು ನೆನಪು ಮಾಡ್ಕೊಳ್ಳಿ. ಹಾಗೇ ಇನ್ನೊಬ್ಬಳ ಬಾಗಿಲು ಬಡಿಯೋ ಅಜ್ಜಿ ನೀವೇ ಆಗಿ. ಅದಕ್ಕೆ ವಯಸ್ಸಾಗಬೇಕಿಲ್ಲ.

ಇಷ್ಟೆಲ್ಲಾ ಆದ ಮೇಲೂ ಸ್ವಲ್ಪ ನೋವು ಉಳಿಯುತ್ತೆ. ನಾನು ಸುಳ್ಳು ಹೇಳಲ್ಲ. ಬೇರೆಯವರ ಮಗುವನ್ನು ಎತ್ತಿಕೊಂಡು ವಾಪಸ್ ಕೊಡುವಾಗ ನನ್ನ ಕೈ ಈಗಲೂ ಒಂದು ಕ್ಷಣ ತಡೆಯುತ್ತೆ. ಆದರೆ 2 ಕೊರಿಂಥ 12ನ್ನು ನೋಡಿ. ನನ್ನ ಕೃಪೆ ನಿನಗೆ ಸಾಕು ಅಂತ ಕರ್ತನು ಪೌಲನಿಗೆ ಹೇಳಿದ್ದು ಯಾವಾಗ? ಮುಳ್ಳು ಹೋದ ಮೇಲಲ್ಲ. ಮೂರು ಸಲ ಬೇಡಿಕೊಂಡರೂ ಮುಳ್ಳು ಇನ್ನೂ ಚುಚ್ಚುತ್ತಾ ಇದ್ದಾಗ. ಬೈಬಲಿನಲ್ಲಿ "ಸಾಕು" ಅನ್ನೋ ಮಾತು ನೋವಿಲ್ಲದವರಿಗೆ ಹೇಳಿದ್ದಲ್ಲ, ನೋವಿನಲ್ಲಿ ಇರೋರಿಗೆ ಹೇಳಿದ್ದು.

ಹಾಗಾಗಿ ತಂಗಿ, ನಿನ್ನ ಚೀಟಿಗೆ ಉತ್ತರ ಇದು. ನಿನ್ನ ವಿಶ್ವಾಸದಲ್ಲಿ ತಪ್ಪೇನೂ ಇಲ್ಲ. ದೇವರ ಪ್ರೀತಿ ಸಾಕು. ಆದರೆ ಆ ಪ್ರೀತಿಯನ್ನು ನೀನು ಮತ್ತು ನಾವು ಸೇರಿ ಬಹಳ ಚಿಕ್ಕದು ಮಾಡಿದ್ದೀವಿ. ನಿನ್ನ ರೂಮಿನ ಬಾಗಿಲ ಒಳಗಡೆ ಇರೋದು ಮಾತ್ರ ದೇವರ ಪ್ರೀತಿ ಅಂತ ಅನ್ಕೊಂಡಿದ್ದೀವಿ. ಬಾಗಿಲ ಹೊರಗೆ ಡಬ್ಬಿ ಹಿಡ್ಕೊಂಡು ನಿಂತಿರೋದೂ ಅದೇ ಪ್ರೀತಿ. ಬಡಿದಾಗ ಬಾಗಿಲು ತೆಗಿ. ಯಾರೂ ಬಡಿಯದೆ ಇದ್ರೆ, ತಪ್ಪು ನಮ್ಮದು, ನಿನ್ನದಲ್ಲ.

ತಲೆ ಬಾಗಿಸಿ ಪ್ರಾರ್ಥಿಸೋಣ.

ಪ್ರೀತಿಯುಳ್ಳ ಪರಲೋಕದ ತಂದೆಯೇ, ಒಂಟಿಯಾಗಿರೋದು ಒಳ್ಳೇದಲ್ಲ ಅಂತ ನಮಗಿಂತ ಮುಂಚೆ ಕಂಡವನು ನೀನು. ಇಲ್ಲಿ ಕೂತಿರೋ ನಿನ್ನ ಹೆಣ್ಣುಮಕ್ಕಳನ್ನು ನೋಡು. ಯಾರ ಕಡೆಯೋಳು ಅಂತ ಲೋಕ ಕೇಳುವಾಗ, ನನ್ನವಳು ಅಂತ ನೀನು ಹೇಳು. ನಿನ್ನ ಆಲಯದಲ್ಲಿ ಅವರಿಗೆ ಹೆಸರು ಕೊಡು. ಮದುವೆ ಬಯಸುವವರಿಗೆ ಒಳ್ಳೇ ಜೊತೆ ಕೊಡುವುದು ನಿನಗೆ ಚಿತ್ತವಾದರೆ ಕೊಡು. ಕೊಡದಿದ್ದರೆ, ಆ ಮುಳ್ಳಿನ ಜೊತೆ ನಿನ್ನ ಕೃಪೆಯನ್ನೂ ಕೊಡು. ನಮ್ಮ ಮನೆಗಳ ಬಾಗಿಲು ತೆರೆ. ಇವತ್ತು ರಾತ್ರಿ ಯಾವ ತಂಗಿಯೂ ಗೋಡೆ ಕಡೆ ತಿರುಗಿ ಒಬ್ಬಳೇ ಅಳದ ಹಾಗೆ ನಮ್ಮನ್ನು ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಯಾರೂ ಬೇಗ ಹೊರಡಬೇಡಿ. ಹಿಂದೆ ಚಿತ್ರಾನ್ನ ಇದೆ, ಎಲ್ಲರೂ ಒಟ್ಟಿಗೆ ಊಟ ಮಾಡಿಕೊಂಡೇ ಹೋಗೋಣ.